‘ಬೇಡ’ ಎನ್ನಲಾರದ ಲದ್ದಿ ಡಾಕ್ಟರು

ಆ ಕುದುರೆ ಡಾಕ್ಟರು ತಲೆಯೆತ್ತಿ ನಡೆದದ್ದನ್ನು ಕಂಡವರಿಲ್ಲ. ಲಾಯದ ಅಂಗಳಕ್ಕೆ ಕಾಲಿಟ್ಟರೆ ಮೊದಲು ನೋಡುವುದು ಮನುಷ್ಯರ ಮುಖವನ್ನಲ್ಲ, ನೆಲದ ಮೇಲಿನ ಲದ್ದಿಯನ್ನು. ಕಡ್ಡಿಯಿಂದ ಬಿಡಿಸಿ, ಬಗ್ಗಿ ಪರೀಕ್ಷಿಸಿ, ಹುಳುವಿನ ಸುಳಿವು ಸಿಕ್ಕರೆ, “ಹೂಂ, ಇದ್ದಾರೆ, ಇದ್ದಾರೆ” ಎಂದು ಮನೆ ಬಿಡದ ಬಾಡಿಗೆದಾರರ ಸುದ್ದಿ ಹೇಳುವಂತೆ ಗೊಣಗುವರು. ಲದ್ದಿ ಡಾಕ್ಟರೆಂಬ ಅಡ್ಡಹೆಸರು ಕಿವಿಗೆ ಬಿದ್ದರೆ ತಾವೇ ಮೊದಲು ನಗುವರು. ಮೊಣಕೈ ಸವೆದ ಖಾಕಿ ಕೋಟು, ಅದರ ಜೇಬಿನಲ್ಲಿ ಕುದುರೆಗಳಿಗೆಂದು ಇಟ್ಟ ಸಕ್ಕರೆಯ ತುಂಡು. ಕರುಳಿನ ರೋಗಗಳ ಕುರಿತು ಅಷ್ಟು ನಿಷ್ಠುರವಾಗಿ ಯೋಚಿಸಬಲ್ಲವರು ಮನುಷ್ಯರೆದುರು ಮಾತ್ರ ಬೆಣ್ಣೆ; ಯಾರಿಗೂ ‘ಬೇಡ’ ಎನ್ನಲು ನಾಲಿಗೆ ಏಳದು. ಅದರಲ್ಲೂ ತಮ್ಮ ಅಕ್ಕನಿಗೆ.

ಅಕ್ಕ ಸವಾರಿಶಾಲೆ ನಡೆಸುತ್ತಿದ್ದಳು. ಆಕೆಯ ಅಚ್ಚುಮೆಚ್ಚಿನ ಹೆಣ್ಣುಕುದುರೆಯ ಮರಿಯೊಂದು ಡೊಳ್ಳುಹೊಟ್ಟೆ ಬಿಟ್ಟುಕೊಂಡು, ರೋಮ ಕೆದರಿ, ಕೆಮ್ಮುತ್ತ ಸೊರಗಿತು. ಹೊಟ್ಟೆ ತುಂಬ ದುಂಡುಹುಳು. ಇಂಥ ಮರಿಗೆ ತೀಕ್ಷ್ಣವಾದ ಮದ್ದು ಕೊಟ್ಟರೆ ಹುಳುಗಳೆಲ್ಲ ಒಮ್ಮೆಲೇ ಸತ್ತು ಕರುಳಿಗೆ ಬಿರಡೆಯಂತೆ ಜಡಿದುಕೊಳ್ಳುತ್ತವೆ. ಸೌಮ್ಯವಾದದ್ದನ್ನು ಕೊಟ್ಟು ಕಾಯಬೇಕು. ಅದನ್ನು ಊರಿಗೆಲ್ಲ ಹೇಳಿಕೊಟ್ಟವರೇ ಇವರು.

“ಎಷ್ಟು ದಿನ ಅಂತ ನರಳಬೇಕೋ ಇದು? ಗಟ್ಟಿ ಮದ್ದು ಹಾಕಿ ಒಂದೇ ಸಲಕ್ಕೆ ಮುಗಿಸ್ಬಿಡೋ,” ಎಂದಳು ಅಕ್ಕ, ಮರಿಯ ಕುತ್ತಿಗೆ ತಬ್ಬಿಕೊಂಡು.

“ಸ್ವಲ್ಪ ನಿಧಾನ ಮಾಡಿದ್ರೆ...” ಎಂದು ಇವರು ರಾಗ ಎಳೆದರು. ಆಕೆಯ ಕಣ್ಣು ತುಂಬಿತು. ಇವರು ಗಟ್ಟಿ ಮದ್ದನ್ನೇ ಸಿರಿಂಜಿಗೆ ತುಂಬಿ ಮರಿಯ ಬಾಯಿಗೆ ಹಿಂಡಿದರು.

ಮರುದಿನ ಮರಿ ಬೆವರಿ, ಬಿದ್ದು ಹೊರಳಿ, ತನ್ನ ಹೊಟ್ಟೆಯನ್ನೇ ತಿರುತಿರುಗಿ ನೋಡುತ್ತ ಪ್ರಾಣ ಬಿಟ್ಟಿತು. ತಾಯಿಕುದುರೆ ಅದನ್ನು ಮೂತಿಯಿಂದ ನೂಕಿ ಎಬ್ಬಿಸಲು ನೋಡುತ್ತಲೇ ಇತ್ತು. ಅಕ್ಕ ಮರಿಯ ಪಕ್ಕದಲ್ಲೇ ನೆಲಕ್ಕೆ ಕುಳಿತಳು. ಇವರೇ ತಡೆಯಲಾರದೆ, “ಹೀಗಾಗಬಹುದು ಅಂತ ನಂಗೆ ಗೊತ್ತಿತ್ತಕ್ಕ,” ಎಂದುಬಿಟ್ಟರು.

ಆಕೆ ಮರಿಯ ಮೈಗಂಟಿದ ಮಣ್ಣನ್ನು ಒರೆಸಿದಳು. “ಬೇಡ ಅಂದಿದ್ರೆ ಕೇಳ್ತಿದ್ದೆ ಕಣೋ,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ; ಇದ್ದಿದ್ದರೆ ಅವರು ಹೇಗೋ ಸಹಿಸಿಕೊಳ್ಳುತ್ತಿದ್ದರೇನೋ.

ಆಮೇಲೆ ಮದ್ದಿನ ವಿಷಯದಲ್ಲಿ ಅವರು ಕಲ್ಲಾದರು. ಅವಸರಪಡಿಸಿದವರನ್ನು ಬಾಗಿಲಿನಿಂದಲೇ ಅಟ್ಟಿದರು. ಅವರ ಮುಪ್ಪಿನಲ್ಲಿ ಪರಿಚಯವಾದವರು ‘ಒರಟ, ಜಂಬಗಾರ’ ಎಂದರು. ಎಷ್ಟೋ ಮರಿಗಳು ಬದುಕಿದವು. ಅಕ್ಕ ಮಾತ್ರ ಅವರಲ್ಲಿ ಮತ್ತೆ ಏನನ್ನೂ ಕೇಳಲಿಲ್ಲ.

ಪ್ರೀತಿಸಿದವರ ಮನಸ್ಸು ನೋಯಬಾರದೆಂದು ತಾವು ಬಲ್ಲ ಸತ್ಯವನ್ನು ನುಂಗಿಕೊಳ್ಳುವ ಜೀವಗಳು ಲೋಕದಲ್ಲಿ ಬಹಳ. ಅವರನ್ನು ಒಳ್ಳೆಯವರೆಂದು ಕರೆದು ನಾವು ನೆಮ್ಮದಿಯಾಗಿರುತ್ತೇವೆ. ಆ ಒಳ್ಳೆಯತನದ ಬೆಲೆಯನ್ನು ಮಾತ್ರ, ಬಹುಮಟ್ಟಿಗೆ, ಬಾಯಿಲ್ಲದವರು ತೆರುತ್ತಾರೆ.