ಸೊಲಾಂಜ್ ಮನೆಯ ಊಟಕ್ಕೆ ಹೊರಟದ್ದು

"ಒಂದೇ ಒಂದು ಗಳಿಗೆ, ಹಿಲ್ಕೆ. ದಾರೀಲೇ ಇದೆಯಲ್ಲ" ಎಂದು ವೀಬೆ ಅಂದಾಗಲೇ ಅವಳಿಗೆ ಗೊತ್ತಾಯಿತು, ಇವತ್ತಿನ ಊಟಕ್ಕೆ ಕಲ್ಲು ಬಿತ್ತು ಎಂದು.

ಗಂಡ ಹೆಂಡತಿ ಹಾಲೆಂಡಿನಲ್ಲಿ ನೌಕರಿ ಮುಗಿಸಿ, ಫ್ರಾನ್ಸಿನ ಬೆರ್ರಿ ಸೀಮೆಯ ಹಳ್ಳಿಯೊಂದರಲ್ಲಿ ಮನೆ ಮಾಡಿ ಮೂರು ವರ್ಷವಾಗಿತ್ತು. ಹಿಲ್ಕೆ ಬಂದದ್ದು ಬಿಸಿಲಿಗೆ, ಟೊಮೆಟೊ ಬೆಳೆಯುವುದಕ್ಕೆ. ವೀಬೆಗೆ ಮಾತ್ರ ಬಂದ ವರ್ಷವೇ ಹಳೆಯ ಕಲ್ಲಿನ ಹುಚ್ಚು ಹತ್ತಿತು. ರೋಮನ್ನರ ಕಾಲದ ರಸ್ತೆ ಇಲ್ಲೇ ಹಾದುಹೋಗಿದೆಯೆಂದು ಅವಳನ್ನು ಸಗಣಿ ತುಂಬಿದ ಹೊಲಗಳಲ್ಲಿ ನಡೆಸಿದ. ಯಾವುದೋ ಗೋರಿಕಲ್ಲು ಹುಡುಕುತ್ತ ಯಾರದೋ ಗೂಳಿಯ ಎದುರು ತಂದು ನಿಲ್ಲಿಸಿದ. ಎಂಟುನೂರು ವರ್ಷದ ಹಿಂದೆ ಗೋಡೆಯ ಮೇಲೆ ಬರೆದ ಸಂತರನ್ನು ನೋಡಲು ಥಂಡಿ ಹಿಡಿದ ಚರ್ಚುಗಳಲ್ಲಿ ಗಂಟೆಗಟ್ಟಲೆ ಕೂರಿಸಿದ. ಎಷ್ಟೋ ಸಂತರಿಗೆ ಮೂಗಿರಲಿಲ್ಲ, ಕೆಲವರಿಗೆ ಮುಖವೇ ಇರಲಿಲ್ಲ. ಅದನ್ನು ಕಂಡೂ ಅವನು ಬಾಯಿ ಬಿಟ್ಟುಕೊಂಡು ನಿಲ್ಲುತ್ತಿದ್ದ.

ಸತ್ತುಹೋದ ಸಂತರ ಪರಿಚಯವೆಲ್ಲ ಆಯಿತೇ ಹೊರತು ಬದುಕಿದ್ದ ಒಬ್ಬರ ಮನೆಯ ಹೊಸ್ತಿಲನ್ನೂ ಹಿಲ್ಕೆ ದಾಟಿರಲಿಲ್ಲ. ಕೊನೆಗೂ ಹೊಳೆಯಾಚೆಯ ಸೊಲಾಂಜ್, ಸಂತೆಯಲ್ಲಿ ಮೇಕೆ ಹಾಲಿನ ಚೀಸ್ ಮಾರುವ ವಿಧವೆ, "ಭಾನುವಾರ ಮಧ್ಯಾಹ್ನ ಊಟಕ್ಕೆ ಬನ್ನಿ" ಎಂದು ಕರೆದಿದ್ದಳು. ಈ ಸೀಮೆಯಲ್ಲಿ ಭಾನುವಾರದ ಊಟಕ್ಕೆ ತಡಮಾಡಿ ಹೋದವರನ್ನು ಮತ್ತೆ ಯಾರೂ ಕರೆಯುವುದಿಲ್ಲ. ಹಿಲ್ಕೆ ಬೆಳಿಗ್ಗೆ ಬೇಗ ಎದ್ದು ತನ್ನ ಅಮ್ಮ ಮಾಡುತ್ತಿದ್ದ ಹಾಗೆ ಸೇಬಿನ ಪೈ ಬೇಯಿಸಿ, ಮೇಲೆ ಕೆನೆ ಹರಡಿ, ಇಸ್ತ್ರಿ ಮಾಡಿದ ಲಂಗ ತೊಟ್ಟು ಹೊರಟಿದ್ದಳು.

ವೀಬೆ ಹೊಳೆಯ ಪಕ್ಕದ ಹಳೇ ಚರ್ಚಿನ ಹಿಂಬದಿ ಕಾರು ನಿಲ್ಲಿಸಿ, ಕ್ಯಾಮೆರಾ ಹಿಡಿದು ಓಡಿದ. ಬಾಗಿಲು ತೆರೆದೇ ಇತ್ತು. ಹಿಲ್ಕೆ ಕಾದಳು. ಬಿಸಿಲಿಗೆ ಕಾರು ಕಾದ ಹೆಂಚಾಯಿತು, ಪೈ ಮೇಲಿನ ಕೆನೆ ಜಾರತೊಡಗಿತು. ಅವಳು ಪೈ ತಟ್ಟೆ ಹಿಡಿದುಕೊಂಡೇ ಒಳಗೆ ನುಗ್ಗಿದಳು.

ವೀಬೆ ಬಲಿಪೀಠದ ಹಿಂದೆ ನೆಲದ ಮೇಲೆ ಅಂಗಾತ ಮಲಗಿದ್ದ. ಒಳ್ಳೆಯ ಕೋಟಿನ ತುಂಬ ಬಾವಲಿ ಹಿಕ್ಕೆ.

"ಏಳು ಮೇಲೆ! ಯಾರ ಮನೆಗೆ ಹೊರಟಿದೀವಿ ಅನ್ನೋ ಜ್ಞಾನ ಇದೆಯಾ ನಿಂಗೆ?"

"ಬಗ್ಗಿ ಇಲ್ಲಿಂದ ನೋಡು ಮಾರಾಯ್ತಿ. ಗೋಡೆ ಚಿತ್ರದಲ್ಲಿ ಮೂವರು ರಾಜರು ಒಂದೇ ಹಾಸಿಗೇಲಿ, ಒಂದೇ ಕಂಬಳಿ ಹೊದ್ದು ಮಲಗಿದಾರೆ. ಕಿರೀಟಾನೂ ತೆಗೆದಿಲ್ಲ. ದೇವದೂತ ಬಂದು ಒಬ್ಬನ ಕಿರುಬೆರಳು ಮುಟ್ಟಿ ಎಬ್ಬಿಸ್ತಿದಾನೆ."

"ನಿನ್ನನ್ನ ಎಬ್ಬಿಸೋಕೆ ಯಾವ ದೂತ ಬರಬೇಕು?" ಎಂದು ಹಿಲ್ಕೆ ತಟ್ಟೆ ಕೆಳಗಿಟ್ಟು, ಬಗ್ಗಿ ಅವನ ತೋಳು ಹಿಡಿದೆಳೆದಳು.

ಇಬ್ಬರೂ ಬಲಿಪೀಠದ ಮರೆಯಲ್ಲಿದ್ದರು. ಅಷ್ಟರಲ್ಲೇ ದೊಡ್ಡ ಬಾಗಿಲು ಕಿರ್ರೆಂದು ಮುಚ್ಚಿಕೊಂಡು, ಬೀಗದೊಳಗೆ ಚಾವಿ ತಿರುಗಿದ ಸದ್ದು ಕೇಳಿಸಿತು. ಹಿಲ್ಕೆ ಕೂಗುತ್ತ ಓಡಿದಳು, ಬಾಗಿಲು ಬಡಿದಳು. ಹೊರಗೆ ಯಾರೋ ಮೋಟಾರು ಸೈಕಲ್ಲು ಏರಿ ಹೊರಟೇಹೋದರು.

ಅವಳ ಫೋನಿಗೆ ಆ ದಪ್ಪ ಗೋಡೆಗಳ ನಡುವೆ ಸಿಗ್ನಲ್ ಇರಲಿಲ್ಲ. ಅವನ ಫೋನು ಕಾರಿನಲ್ಲಿತ್ತು.

"ಊಟ ಮುಗಿಸ್ಕೊಂಡು ಬಂದು ತೆಗೀತಾರೆ ಬಿಡು" ಎಂದ ವೀಬೆ, ಮತ್ತೆ ಕ್ಯಾಮೆರಾ ಎತ್ತಿಕೊಂಡು.

"ಅವರ ಊಟ! ನಮ್ಮ ಊಟ?"

"ಅದಕ್ಕೇನು, ಪೈ ಇದೆಯಲ್ಲ."

ತಮಾಷೆಗೆ ಅಂದನೆಂದುಕೊಂಡಳು. ಅವಳು ಇನ್ನೊಂದು ಬಾಗಿಲಿದೆಯೇ ಎಂದು ಹುಡುಕಿ ಬರುವಷ್ಟರಲ್ಲಿ ಅವನು ಮನೆಯ ಚಾವಿಯಿಂದಲೇ ಪೈ ಕೊಯ್ದು, ಅರ್ಧ ತಿಂದು ಮುಗಿಸಿದ್ದ. ಗಡ್ಡದಲ್ಲಿ ಕೆನೆ. ಹಿಲ್ಕೆ ತಟ್ಟೆ ಕಿತ್ತುಕೊಂಡು ಬಾಗಿಲ ಪಕ್ಕದ ಬೆಂಚಿನ ಮೇಲಿಟ್ಟಳು. ಗೋಪುರದಿಂದ ಗಂಟೆಯ ಹಗ್ಗವೊಂದು ಜೋತಾಡುತ್ತಿತ್ತು. ಮೂರು ವರ್ಷದ ಸಿಟ್ಟನ್ನೆಲ್ಲ ಎರಡು ಕೈಗೂ ತಂದುಕೊಂಡು ಅದನ್ನು ಜಗ್ಗಿದಳು.

"ಏ, ಮೆಲ್ಲಗೆ! ಗೋಡೆ ಅದುರಿದ್ರೆ ಬಣ್ಣ ಉದುರುತ್ತೆ!"

"ಉದುರ್ಲಿ!"

ಹೊಳೆ, ಹೊಲ, ತೋಪುಗಳ ಮೇಲೆಲ್ಲ ಢಣಢಣ ಹರಡಿತು. ಕೈಯಲ್ಲಿ ಬೊಬ್ಬೆ ಎದ್ದರೂ ಅವಳು ಬಿಡಲಿಲ್ಲ. ಆದರೆ ಯಾರೂ ಬರಲಿಲ್ಲ. ಕೈ ಸೋತಾಗ ಬೆಂಚಿನ ಮೇಲೆ ಕುಸಿದು ಕೂತು, ಉಸಿರು ಬಂದ ಮೇಲೆ ಎದ್ದು ಮತ್ತೆ ಬಾರಿಸಿದಳು. ವೀಬೆ ಎಡಗಡೆಯ ಗೋಡೆಯ ಚಿತ್ರಗಳನ್ನೂ ತೆಗೆದು ಮುಗಿಸಿದ.

ಬಹಳ ಹೊತ್ತಿನ ಮೇಲೆ ಬೀಗ ತಿರುಗಿತು. ಬಾಗಿಲಲ್ಲಿ ಕೊರಳಿಗೆ ಊಟದ ಕರವಸ್ತ್ರ ಸಿಕ್ಕಿಸಿಕೊಂಡ ಮುದುಕನೊಬ್ಬ, ಅವನ ಹಿಂದೆ ಸೊಲಾಂಜ್.

"ನೋಡು ಗಾಸ್ತೋಂ, ನಾನು ಹೇಳ್ಲಿಲ್ವಾ?" ಎಂದು ಸೊಲಾಂಜ್ ಅವನ ಕಿವಿಯ ಹತ್ತಿರ ಕಿರುಚಿದಳು. "ಇವನು ನಮ್ಮಣ್ಣ, ಮದಾಮ್. ಚರ್ಚಿನ ಬೀಗ ಇವನ ಕೈಲೇ. ಕಿವಿ ಸ್ವಲ್ಪ ಮಂದ. ಗಂಟೆ ಕೇಳಿ ನಾನು ಆಗ್ಲೇ ಅಂದೆ, ಬಾರದ ಇಬ್ಬರು ಅಲ್ಲೇ ಸಿಕ್ಕಿಬಿದ್ದಿದಾರೆ ಅಂತ."

"ಆಗ್ಲೇ ಗೊತ್ತಾಯ್ತಾ?" ಹಿಲ್ಕೆ ಬೊಬ್ಬೆಯೆದ್ದ ಕೈ ಚಾಚಿ ತೋರಿಸಿದಳು. "ಮತ್ತೆ ಇಷ್ಟು ಹೊತ್ತು?"

ಗಾಸ್ತೋಂ ಬೀಗದ ಕಡೆ ಕೈ ತೋರಿಸಿದ. "ಬೀಗ ಹಾಕಿದ ಚರ್ಚು, ನೀವೆಲ್ಲಿ ಓಡಿಹೋಗ್ತೀರಿ ಅಂದೆ. ತಟ್ಟೇಲಿ ಮೊಲದ ಮಾಂಸ ಇತ್ತು, ಸಾಸಿವೆ ಹಾಕಿ ಮಾಡಿದ್ದು. ಆರಿದ್ರೆ ಅದು ನಾಯಿಗೂ ಬೇಡ."

ಹಿಲ್ಕೆ ಗಂಡನ ಮುಖ ನೋಡಿದಳು, ಆ ಮುದುಕನ ಮುಖ ನೋಡಿದಳು. ಒಂದೇ ಜಾತಿ ಅನ್ನಿಸಿತು. ಕಣ್ಣಲ್ಲಿ ನೀರು ಬಂತು. ಅರ್ಧ ಪೈ ಇದ್ದ ತಟ್ಟೆಯನ್ನು ಸೊಲಾಂಜ್ ಮುಂದೆ ಚಾಚಿದಳು.

"ಇದನ್ನ ನಿಮಗೋಸ್ಕರ ಮಾಡಿದ್ದು. ಇವನು ತಿಂದುಬಿಟ್ಟ."

ಸೊಲಾಂಜ್ ತಟ್ಟೆ ನೋಡಿ, ವೀಬೆಯ ಗಡ್ಡ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಮ್ಮ ಯಜಮಾನ್ರೂ ಹೀಗೇ ಇದ್ರು. ಬನ್ನಿ ಮದಾಮ್, ಊಟದ ಕೊನೇಲಿ ಬಡಿಸೋ ಚೀಸಿಗಾದ್ರೂ ಸಿಕ್ಕಿದ್ರಲ್ಲ. ಮೊಲಾನೂ ಎತ್ತಿಟ್ಟಿದೀನಿ."

ಊಟದ ಮೇಜಿನ ಸುತ್ತ ಇದ್ದ ನೆಂಟರು, ಅಕ್ಕಪಕ್ಕದವರು ಎಲ್ಲರೂ ಗಂಟೆಯ ಕತೆ ಕೇಳಬೇಕೆಂದು ಕಾದಿದ್ದರು. ಹಿಲ್ಕೆ ಮೊದಲು ಬಿಗುಮಾನದಿಂದ ಎರಡು ಮಾತು ಹೇಳಿದಳು. ವೈನು ಒಳಗೆ ಇಳಿದ ಮೇಲೆ ತನ್ನ ಮುರುಕು ಫ್ರೆಂಚಿನಲ್ಲೇ ಗೂಳಿ, ಸಗಣಿ, ಮೂಗಿಲ್ಲದ ಸಂತರು ಎಲ್ಲವನ್ನೂ ಹೊರಹಾಕಿದಳು. ಮೇಜು ಕುಟ್ಟಿ ಕುಟ್ಟಿ ನಕ್ಕರು. ವೀಬೆಯೂ ನಕ್ಕಾಗ ಅವಳ ಮೈ ಇನ್ನಷ್ಟು ಉರಿಯಿತು.

ಕಾಫಿ ಬರುವ ಹೊತ್ತಿಗೆ ಗಾಸ್ತೋಂ ಜೇಬಿನಿಂದ ಗೇಣುದ್ದದ ಕಬ್ಬಿಣದ ಚಾವಿ ತೆಗೆದು ಅವಳ ಬಟ್ಟಲಿನ ಪಕ್ಕ ಇಟ್ಟ.

"ನನ್ನ ಮೊಣಕಾಲು ಹೋಗಿದೆ, ಕಿವೀನೂ ಹೋಗಿದೆ. ಇನ್ಮೇಲೆ ಮಂಗಳವಾರ, ಭಾನುವಾರ ಬೆಳಿಗ್ಗೆ ಊರವರಿಗೆ ನೀವೇ ತೆಗೀರಿ, ಮಧ್ಯಾಹ್ನ ನೀವೇ ಹಾಕಿ."

"ನಾನಾ? ಆ ಹುಚ್ಚು ಇರೋದು ಇವನಿಗೆ! ಇವನಿಗೆ ಕೊಡಿ!"

"ಗಂಡಸರ ಕೈಗೆ ಕೊಟ್ರೆ ಒಳಗೇ ಮಲಗಿಬಿಡ್ತಾರೆ" ಎಂದಳು ಸೊಲಾಂಜ್. "ಭಾನುವಾರ ಮಧ್ಯಾಹ್ನ ಬೀಗ ಹಾಕಿ ನೇರ ಇಲ್ಲಿಗೆ ಊಟಕ್ಕೆ ಬನ್ನಿ. ಅಣ್ಣ ಹಾಗೇ ಬರ್ತಿದ್ದ."

ಸುತ್ತ ಕೂತವರೆಲ್ಲ ಅವಳನ್ನೇ ನೋಡುತ್ತಿದ್ದರು. ಬೇಡವೆಂದರೆ ಊಟವೂ ಬೇಡವೆಂದಂತೆ. ಮೂರು ವರ್ಷ ಯಾವುದರಿಂದ ತಪ್ಪಿಸಿಕೊಳ್ಳಲು ನೋಡಿದ್ದಳೋ ಅದೇ ಬಂದು ಕೊರಳಿಗೆ ಬಿತ್ತಲ್ಲ ಎಂದು ಹಲ್ಲು ಕಚ್ಚಿಕೊಂಡು, ಹಿಲ್ಕೆ ಚಾವಿಯನ್ನು ಕೈಚೀಲಕ್ಕೆ ಹಾಕಿಕೊಂಡಳು.

ಹೊರಡುವಾಗ ಕಾರಿನ ಚಾವಿಯನ್ನೂ ಕಿತ್ತುಕೊಂಡು ಅವಳೇ ಓಡಿಸಲು ಕೂತಳು. ಸೇತುವೆ ದಾಟಿದ ಮೇಲೆ ವೀಬೆ ಮೆಲ್ಲಗೆ ಕೆಮ್ಮಿದ.

"ಹಿಲ್ಕೆ, ಸಂಜೆ ಬಿಸಿಲು ಪಡುವಣ ಕಿಟಕಿಯಿಂದ ನೇರ ಆ ರಾಜರ ಹಾಸಿಗೆ ಮೇಲೇ ಬೀಳುತ್ತಂತೆ. ಹೇಗೂ ಚಾವಿ ನಿನ್ನ ಹತ್ರ..."

"ಮಂಗಳವಾರ ಬೆಳಿಗ್ಗೆ ತೆಗೀತೀನಿ, ಊರವರ ಜೊತೆ ಬಂದು ನೋಡು" ಎಂದು ಅವಳು ಕಾರಿನ ವೇಗ ಹೆಚ್ಚಿಸಿದಳು.