ಬಸವಣ್ಣೆಪ್ಪ ಮಾಸ್ತರರ ಬಲಗಾಲು

ರಾಜ್ಯ ಒಂದಾದ ಮರುವರ್ಷದ ಶ್ರಾವಣ. ಬಸವಣ್ಣೆಪ್ಪ ಮಾಸ್ತರರು ಗೋಕಾಕದ ಸಾಲೆ ಬಿಟ್ಟೊಡನೆ ಸೈಕಲ್ ಹತ್ತಿ ನಮ್ಮ ಅಂಕಲಗಿಗೆ ಬಂದು, ದೀಪ ಹಚ್ಚುವ ಹೊತ್ತಿಗೆ ಮಠದ ಪಡಸಾಲೆಯಲ್ಲಿ ಪುರಾಣ ಓದುತ್ತಿದ್ದರು. ತಿಂಗಳು ಪೂರ್ತಿ ಚಪ್ಪಲಿ ಮೆಟ್ಟುವುದಿಲ್ಲವೆಂದು ವ್ರತ ಹಿಡಿದಿದ್ದರು. ಬಾಗಿಲಲ್ಲಿ ಶಿವಗಂಗವ್ವ ಎಂಬ ಮುದುಕಿ ದಿನಾಲೂ ಅವರ ಕಾಲಿಗೆ ನೀರು ಹಾಕುತ್ತಿದ್ದಳು. ಎಂಟನೆಯ ದಿನ ಆ ನೀರು ರಕ್ತ ಬೆರೆತು ಕೆಂಪಾಗಿ ಹರಿಯಿತು. ಅಂದು ಮಾಸ್ತರರು ಬಾತ ಬಲಗಾಲನ್ನು ಹೇಗೋ ಮಡಚಿ ಕೂತು, ಮೂರು ಸಲ ಪದ್ಯದ ನಡುವೆ ತಡವರಿಸಿದರು. ಕೇಳುತ್ತಿದ್ದ ನಾವು ತಲೆ ತಗ್ಗಿಸಿದೆವು. ಹೀಗಾದರೆ ಪುರಾಣ ಅರ್ಧಕ್ಕೇ ನಿಲ್ಲುತ್ತದೆ ಎಂಬುದು ಅವರಿಗೂ ಗೊತ್ತಿತ್ತು, ನಮಗೂ.

ಮರುದಿನ ಅವರು ಗೋಕಾಕದಲ್ಲೇ ಸೈಕಲ್ ರಿಪೇರಿಯ ಸುಭಾನಸಾಬರ ಅಂಗಡಿಗೆ ಹೋದರು. ಪೆಡಲಿಗೆ ಹೊಸ ರಬ್ಬರ್ ಹಾಕಿಸಿಯಾಗಿತ್ತು, ಅದೂ ಜಾರಿ ಕಬ್ಬಿಣವೇ ಒತ್ತುತ್ತಿತ್ತು. ಸುಭಾನಸಾಬರು ಮೊದಲು ಕಾಲು ನೋಡಲಿಲ್ಲ. ಸೈಕಲ್ಲನ್ನು ಸ್ಟ್ಯಾಂಡಿಗೆ ಹಾಕಿ, ಮಾಸ್ತರರನ್ನು ಹತ್ತಿಸಿದರು.

“ದಿನಾ ನನ್ನ ಅಂಗಡಿ ಮುಂದ ಹಾಡಿಕೋಂತ ಹೋಗ್ತೀರಲ್ಲ, ಹಂಗ ಒಂದು ಪದ್ಯ ಹಾಡಿಕೋಂತ ತುಳೀರಿ.”

ಮಾಸ್ತರರು ಹಾಡಿದರು. ಸುಭಾನಸಾಬರು ಕಣ್ಣು ಮುಚ್ಚಿ ಕೇಳಿದರು. ಎಡಗಾಲು ಇಳಿದಾಗ ಪದ್ಯ ನೆಟ್ಟಗೆ ನಡೆಯುತ್ತಿತ್ತು. ಬಲಗಾಲು ಇಳಿದಾಗಲೆಲ್ಲ ದನಿ ಎಳೆಯಷ್ಟು ಸಣ್ಣಗಾಗುತ್ತಿತ್ತು. ಆ ಕಾಲನ್ನು ನೀರಲ್ಲಿ ಅದ್ದಿಸಿ ಕಟ್ಟೆಯ ಕಲ್ಲಿನ ಮೇಲೆ ಇಡಿಸಿದರು. ಒದ್ದೆ ಹೆಜ್ಜೆಯಲ್ಲಿ ನಡುವಿನ ಪೊಳ್ಳೇ ಇರಲಿಲ್ಲ. ಅಂಗಾಲು ಪೂರಾ ಮೂಡಿತ್ತು. ಆಧಾರವಿಲ್ಲದ ಆ ನಡುಭಾಗವೇ ಭಾರವನ್ನೆಲ್ಲ ಹೊರುತ್ತಿದೆ ಎಂದರು. ಗೊಂಬೆ ಮಾಡುವವರ ಓಣಿಯಿಂದ ಗೇಣುದ್ದದ ಹಗುರ ಕಟ್ಟಿಗೆ ತಂದು, ಒಳಬದಿ ತುಸು ಉಬ್ಬಿರುವಂತೆ ಕೆತ್ತಿ ಪೆಡಲಿಗೆ ಬಿಗಿದರು. ಇನ್ನು ಮೇಲೆ ಹೆಬ್ಬೆರಳ ಬುಡದಿಂದ ತುಳಿಯಬೇಕೆಂದು ಹೇಳಿ ಸೀಟನ್ನೂ ಎರಡು ಬೆರಳು ಏರಿಸಿದರು.

ಮಾಸ್ತರರು ಕಾಲಿಡಲಿಲ್ಲ.

“ಇದು ಹಾವಿಗಿ ಆತಲ್ಲ, ಸುಭಾನಸಾಬ. ಕಟ್ಟಿಗಿ ಮೆಟ್ಟಿದಂಗ. ವ್ರತ ಮುರೀತೈತಿ.”

“ವ್ರತ ಏನಂತ ಹಿಡದೀರಿ?”

“ನೆಲದ ಮ್ಯಾಲ ಬರಿಗಾಲಿಡೂದು.”

“ಸೈಕಲ್ ಮ್ಯಾಲ ನೆಲ ಎಲ್ಲೈತ್ರಿ ಮಾಸ್ತರ? ಕಬ್ಬಿಣ ತುಳದ್ರ ನಡೀತೈತಿ, ಕಟ್ಟಿಗಿ ತುಳದ್ರ ನಡ್ಯಂಗಿಲ್ಲೇನು?”

ಮಾಸ್ತರರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಎಂಟು ದಿನ ವ್ರತವೆಂದು ಸಹಿಸಿದ್ದು ಕಬ್ಬಿಣವನ್ನು. ಮಣ್ಣಿನ ಮೇಲೆ ಇಟ್ಟ ಹೆಜ್ಜೆಗಳನ್ನು ನೆನೆದರೆ ಸಾಲೆಯ ಬಾಗಿಲಿನಿಂದ ಸೈಕಲ್ಲಿನವರೆಗೆ, ಸೈಕಲ್ಲಿನಿಂದ ಮಠದ ಬಾಗಿಲವರೆಗೆ, ಅಷ್ಟೇ. ಆಮೇಲೆ ಕಟ್ಟಿಗೆಯ ಮೇಲೆ ಕಾಲಿಟ್ಟು ಹೊರಟರು.

ಅಂದು ನಮ್ಮೂರ ಹೊಲಗಳು ಶುರುವಾಗುವಲ್ಲೇ ಇಳಿದು, ಕುಂಟುತ್ತ, ಸೈಕಲ್ ತಳ್ಳುತ್ತ ಉಳಿದ ದಾರಿ ನಡೆದರು. ಮಳೆಗೆ ನೆನೆದ ನೆಲ. ಮಠದ ಬಾಗಿಲಲ್ಲಿ ಶಿವಗಂಗವ್ವ ನೀರು ಹಾಕಿದಳು. ನೀರು ಮತ್ತೆ ಕೆಂಪಾಯಿತು. ತಂಬಿಗೆ ಹಿಡಿದ ಅವಳ ಕೈ ಹಾಗೇ ನಿಂತಿತು.

“ಕೆಮ್ಮಣ್ಣ ಐತಿ, ಯವ್ವಾ,” ಎಂದರು ಮಾಸ್ತರರು.

ಅವಳು ಬಗ್ಗಿ, ಬೆರಳಿಂದ ತಿಕ್ಕಿ ನೋಡಿ, ಇನ್ನೊಂದು ತಂಬಿಗೆ ತರಲು ಒಳಗೆ ಹೋದಳು.

ನಾಲ್ಕಾರು ದಿನಕ್ಕೆ ಬಾವು ಇಳಿಯಿತು. ತಿಂಗಳು ತುಂಬಿ ಪುರಾಣ ಮಂಗಲವಾಯಿತು. ಅಲ್ಲಿಯವರೆಗೂ ಮಾಸ್ತರರು ಹೊಲಗಳಿಂದ ಈಚೆಗೆ ನಡೆದೇ ಬಂದರು, ಶಿವಗಂಗವ್ವ ದಿನಾ ಎರಡು ತಂಬಿಗೆ ನೀರು ತುಂಬಿಟ್ಟುಕೊಂಡೇ ಬಾಗಿಲಲ್ಲಿ ಕೂಡುತ್ತಿದ್ದಳು.