ಹೂವಿನ ಅಸ್ತರಿನ ಕೋಟು

ಭಾನುವಾರ ಮಧ್ಯಾಹ್ನದ ಪಾತ್ರೆಗಳಿನ್ನೂ ತೊಳೆಯದೆ ಬಿದ್ದಿದ್ದವು. ಅಷ್ಟರಲ್ಲೇ ಮಗಳು ಟೀವಿ ಹಚ್ಚಿ, "ಅಮ್ಮಾ, ಶುರುವಾಯ್ತು, ಬಾರೇ!" ಎಂದು ಕೂಗಿದಳು. ಬೀದಿಗೆಲ್ಲ ಟೈಲರಮ್ಮನೆಂದೇ ಪರಿಚಿತಳಾದ ಆಕೆ ಒಣಗಿದ ಕೈಯನ್ನೇ ಮತ್ತೊಮ್ಮೆ ಒರೆಸಿಕೊಂಡಳು. ಹೆಜ್ಜೆ ಮುಂದಕ್ಕೆ ಬರಲೊಲ್ಲದು.

ಹೆಂಡತಿಯನ್ನು ಕೊಂದ ಹೆಸರಾಂತ ನಟನೊಬ್ಬನ ವಿಚಾರಣೆಯನ್ನು ಕುರಿತ ಸಾಕ್ಷ್ಯಚಿತ್ರವದು. ಕೊಲೆಯಾದ ಸಂಜೆ ತಾನು ಊರಿನಲ್ಲೇ ಇರಲಿಲ್ಲವೆಂದು ನಟ ವಾದಿಸಿದ್ದ. ಹೊಲಿದ ಅಂಗಿಗಳನ್ನು ಕೊಡಲು ಹೋಗಿದ್ದ ಟೈಲರಮ್ಮ ಅವನನ್ನು ಅವನ ಮನೆಯ ಬಾಗಿಲಲ್ಲೇ ಕಂಡಿದ್ದಳು. ಕಂಡದ್ದನ್ನು ಕಂಡ ಹಾಗೆ ನ್ಯಾಯಾಲಯದಲ್ಲಿ ನುಡಿದಳು. ಶಿಕ್ಷೆಯಾದ ಮೇಲೆ ಅಭಿಮಾನಿಗಳು ಆ ಸಾಕ್ಷಿ ಯಾರೆಂದು ಹಲ್ಲು ಕಡಿಯುತ್ತ ವರ್ಷಗಟ್ಟಲೆ ಹುಡುಕಿದರು. ನ್ಯಾಯಾಧೀಶರು ಹೆಸರನ್ನು ಗುಟ್ಟಾಗಿಟ್ಟಿದ್ದರು. ಆದರೆ ಮುಖ? ಸಾಕ್ಷಿ ನುಡಿದು ಹೊರಬಂದಾಗ ನ್ಯಾಯಾಲಯದ ಮೆಟ್ಟಿಲ ಬುಡದಲ್ಲಿ ಕ್ಯಾಮೆರಾಗಳ ಹಿಂಡೇ ಕಾದಿತ್ತು. ಆಕೆ ಹೆದರಿ ಕಣ್ಣು ಮುಚ್ಚಿಕೊಂಡಿದ್ದಳು. ಯಾರೋ ಹಿಂದಿನಿಂದ ದಪ್ಪನೆಯ ಬಟ್ಟೆಯೊಂದನ್ನು ತಲೆಯ ಮೇಲೆ ಹೊದಿಸಿ, ತಬ್ಬಿಕೊಂಡು ನಡೆಸಿ, ಕಾರಿನೊಳಕ್ಕೆ ತಳ್ಳಿದ್ದರು. ಕಣ್ಣು ಬಿಟ್ಟಾಗ ಬಟ್ಟೆಯೂ ಇಲ್ಲ, ಹೊದಿಸಿದವರೂ ಇಲ್ಲ. ಯಾರೋ ಪೊಲೀಸಿನವನಿರಬೇಕು, ಅವನ ಹೊಟ್ಟೆ ತಣ್ಣಗಿರಲಿ ಎಂದು ಅಂದಿನಿಂದಲೂ ಹರಸುತ್ತ ಬಂದಿದ್ದಳು. ಆ ಬಟ್ಟೆ ಬೀಳುವ ಮೊದಲೇ ಯಾವನಾದರೂ ಮುಖವನ್ನು ಕ್ಯಾಮೆರಾದಲ್ಲಿ ಹಿಡಿದಿದ್ದರೆ ನಾಳೆ ಊರಿಗೆ ಊರೇ ಅಂಗಡಿಯ ಮುಂದೆ ನಿಲ್ಲುವುದು ಖಂಡಿತ.

"ಏನೇ, ಕಂಬ ಆದೆಯಾ? ಬಂದು ಕೂತ್ಕೋ," ಎಂದರು ಮೂಲೆಯ ಕುರ್ಚಿಯಿಂದ ಅತ್ತೆ. ವಯಸ್ಸು ಬೆನ್ನನ್ನು ಬಗ್ಗಿಸಿತ್ತೇ ಹೊರತು ನಾಲಿಗೆಯನ್ನಲ್ಲ. ಸಾಕ್ಷಿ ಹೇಳುವುದು ಬೇಡವೆಂದು ಅಂದು ಹಟ ಹಿಡಿದವರೂ ಅವರೇ. "ಕೋಣ ಕೋಣ ಗುದ್ದಾಡಿದ್ರೆ ನಡುವೆ ಗಿಡಕ್ಕೇ ಕೇಡು" ಎಂದು ಗೊಣಗಿ, ಅವಳು ಹೊರಟಾಗ ಗೋಡೆಗೆ ಮುಖ ಮಾಡಿ ಮಲಗಿದ್ದರು.

ತೆರೆಯ ಮೇಲೆ ನ್ಯಾಯಾಲಯದ ಮೆಟ್ಟಿಲು ಕಾಣಿಸಿತು. ಬಾಗಿಲು ತೆರೆಯಿತು. ಟೈಲರಮ್ಮ ಉಸಿರು ಬಿಗಿಹಿಡಿದಳು. ಸೀರೆಯ ನೆರಿಗೆ ಕಂಡಿತು, ಚಪ್ಪಲಿ ಕಂಡಿತು. ಮುಖ ಕಾಣುವಷ್ಟರಲ್ಲಿ ಮೇಲಿನಿಂದ ಕೋಟೊಂದು ದಬಕ್ಕನೆ ಬಿತ್ತು. ಅವಸರದಲ್ಲಿ ಒಳಗು ಹೊರಗಾಗಿ ಬಿದ್ದ ಕೋಟು. ಕಪ್ಪು ಉಡುಪಿನ ವಕೀಲರ ಗುಂಪಿನಲ್ಲಿ ಅದರ ಅಸ್ತರಿನ ತುಂಬ ಹಳದಿ ಹೂವುಗಳು!

ಅಷ್ಟು ದೊಡ್ಡ ಹೂವಿನ ಬಟ್ಟೆಯನ್ನು ಕೋಟಿನ ಒಳಗೆ ಯಾವ ದರ್ಜಿಯೂ ಹೊಲಿಯನು. ಮದುವೆಯಾದ ಹೊಸತರಲ್ಲಿ, ಕತ್ತರಿಸಿಟ್ಟ ಬಟ್ಟೆಗಳು ಅದಲುಬದಲಾಗಿ, ಗಿರಾಕಿಯ ಕಿಟಕಿ ಪರದೆಯನ್ನು ಮಾವನ ಕೋಟಿಗೆ ಅಸ್ತರು ಕೊಟ್ಟವಳು ಅವಳೇ. "ಇನ್ನು ನಾನು ಜನರೆದುರು ಗುಂಡಿ ಬಿಚ್ಚೋ ಹಾಗಿಲ್ಲ" ಎಂದು ಮಾವ ನಕ್ಕಿದ್ದರು. ಅವರು ಹೋದ ಮೇಲೆ ಆ ಕೋಟನ್ನು ಮುಟ್ಟಲು ಅತ್ತೆ ಯಾರಿಗೂ ಬಿಟ್ಟವರಲ್ಲ.

ತೆರೆಯ ಮೇಲೆ, ಕ್ಯಾಮೆರಾದ ಕಡೆಗೆ ಬೆನ್ನು ಹಾಕಿದ ಗಿಡ್ಡ ಹೆಂಗಸೊಬ್ಬಳು ಕೋಟಿನ ಸಮೇತ ಸಾಕ್ಷಿಯನ್ನು ತಬ್ಬಿಕೊಂಡು, ಅಡ್ಡ ಬಂದ ವರದಿಗಾರನಿಗೆ ಕೈಚೀಲದಿಂದ ರಪ್ಪನೆ ಬಾರಿಸಿದಳು.

"ಅಜ್ಜೀ! ಇದು ನೀನೇ!" ಮಗಳು ಕಿರುಚಿದಳು.

"ಚೀಲದಲ್ಲಿ ಬೀಗ ಇತ್ತು," ಎಂದರು ಅತ್ತೆ ತಣ್ಣಗೆ. "ಕ್ಯಾಮೆರಾಗೆ ತಗುಲಲಿಲ್ಲ, ಅದೊಂದೇ ಬೇಜಾರು."

"ಇಷ್ಟು ವರ್ಷ ಒಂದು ಮಾತು ಹೇಳಲಿಲ್ಲವಲ್ಲ, ಅತ್ತೆ." ಟೈಲರಮ್ಮ ಮೂಲೆಯ ಕುರ್ಚಿಯ ಕಡೆಗೆ ತಿರುಗಿದಳು.

"ಹೋಗಬೇಡ ಅಂದೋಳು ನಾನು. ಹಿಂದೇನೇ ಬಂದಿದ್ದೆ ಅಂದ್ರೆ ಮನೇಲಿ ನನ್ನ ಮಾತಿಗೆ ಮೂರು ಕಾಸಿನ ಬೆಲೆ ಇರ್ತಿತ್ತಾ?" ಮುದುಕಿ ತೆರೆಯ ಕಡೆಗೇ ನೋಡುತ್ತಿದ್ದರು. "ನೀನು ನಿಜ ಹೇಳ್ತೀಯ ಅಂತ ಗೊತ್ತಿತ್ತು ಕಣೇ. ಒಬ್ಬಳೇ ಇಳೀತೀಯಲ್ಲ ಅನ್ನಿಸ್ತು."

ಚಿತ್ರ ಮುಗಿಯಿತು. ಮುಖ ಎಲ್ಲಿಯೂ ಬರಲಿಲ್ಲ. ಪೊಲೀಸಿನವನಿಗೆಂದು ಕಳಿಸಿದ ಹಾರೈಕೆಗಳೆಲ್ಲ ಈ ಮೂಲೆಯ ಕುರ್ಚಿಗೇ ಬಂದು ಸೇರಿರಲಿ ಎಂದುಕೊಂಡು ಟೈಲರಮ್ಮ ಅಡುಗೆಮನೆಗೆ ನಡೆದಳು. ವೈದ್ಯರು ಸಕ್ಕರೆ ನಿಲ್ಲಿಸಿದಂದಿನಿಂದ, ಗಂಡನ ಕಟ್ಟಪ್ಪಣೆಯಂತೆ, ಅತ್ತೆಯ ಚಹಾ ಸಪ್ಪೆ. ಇವತ್ತು ಅದಕ್ಕೆ ಅರ್ಧ ಚಮಚ ಹಾಕಿ ತಂದುಕೊಟ್ಟಳು.

ಅತ್ತೆ ಒಂದು ಗುಟುಕು ಕುಡಿದರು. ಹುಬ್ಬು ಮೇಲೇರಿತು. ಲೋಟವನ್ನು ಎರಡೂ ಕೈಗಳಿಂದ ಅಪ್ಪಿ ಹಿಡಿದು ಮೆಲ್ಲಗೆ ಅಂದರು:

"ನನ್ನ ಮಗನ ಮುಂದೆ ಸಾಕ್ಷಿ ಹೇಳೀಯೆ, ಹುಷಾರು!"